ಮುಂದಿನ ಚಕ್ರದ ಬೇರಿಂಗ್ ಮನೆಯಲ್ಲೇ ಬದಲಿಸಬಹುದಾ?

ಬೆಣ್ಣೆನಗರಿ:
ಎಲ್ಲರಿಗೂ ನಮಸ್ಕಾರ. ನನ್ನದು 2013ರ ಸಣ್ಣ ಪೆಟ್ರೋಲ್ ಕಾರು, 96,000 ಕಿ.ಮೀ. ಓಡಿದೆ. ವಾರಕ್ಕೆ ಎರಡು ಸಲ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಬರುತ್ತೇನೆ. ಒಂದು ತಿಂಗಳಿಂದ ಹೆಬ್ಬಾಳು ಟೋಲ್ ದಾಟಿ 60ರ ಮೇಲೆ ಹೋದರೆ ಸಾಕು, ಗುಂಯ್ ಅಂತ ಒಂದೇ ಸಮ ಸದ್ದು. ಊರೊಳಗೆ ಪಿ.ಬಿ. ರಸ್ತೆಯಲ್ಲಿ ಏನೂ ಗೊತ್ತಾಗಲ್ಲ. ಟೈರ್ ಇರಬೇಕು ಅಂತ ಮುಂದಿನದನ್ನು ಹಿಂದೆ ಹಾಕಿಸಿದೆ, ಸದ್ದು ಜಾಗ ಬದಲಿಸಲಿಲ್ಲ. ನ್ಯೂಟ್ರಲ್‌ಗೆ ಹಾಕಿದರೂ ನಿಲ್ಲಲ್ಲ. ಎಡಕ್ಕೆ ಹೋಗುವ ಉದ್ದ ತಿರುವಿನಲ್ಲಿ ಜಾಸ್ತಿ, ಬಲಕ್ಕೆ ತಿರುಗಿದರೆ ಕಡಿಮೆ.

ಬ್ರೇಕ್ ಪ್ಯಾಡ್, ಪ್ಲಗ್ ಎಲ್ಲ ನಾನೇ ಬದಲಿಸಿದ್ದೇನೆ. ಇದನ್ನೂ ಮಾಡಬಹುದಾ? ಅಮ್ಮನನ್ನು ಕೂರಿಸಿಕೊಂಡು ಓಡಾಡುವ ಗಾಡಿ, ಅದಕ್ಕೇ ಕೈ ಹಾಕೋಕೆ ಮುಂಚೆ ಕೇಳುತ್ತಿದ್ದೇನೆ.

ದುರ್ಗದ ಹುಡುಗ:
ಬೇರಿಂಗ್ ಸದ್ದೇ ಅನ್ನಿಸುತ್ತದೆ. ಎಡಕ್ಕೆ ತಿರುಗಿದಾಗ ಭಾರ ಬಲಗಡೆ ಚಕ್ರದ ಮೇಲೆ ಬೀಳುತ್ತದೆ, ಆಗ ಸದ್ದು ಏರಿದರೆ ಹೆಚ್ಚಾಗಿ ಬಲಗಡೆಯದೇ. ಆದರೆ ಇದೊಂದನ್ನೇ ನಂಬಿ ಸಾಮಾನು ತರಬೇಡಿ. ಚಕ್ರ ಎತ್ತಿ, ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಒಂದು ಕೈಯನ್ನು ಸಸ್ಪೆನ್ಷನ್ ಸ್ಪ್ರಿಂಗ್ ಮೇಲಿಟ್ಟು ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ. ಬೇರಿಂಗ್ ಹೋಗಿದ್ದರೆ ರಾಗಿ ಬೀಸುವ ಕಲ್ಲನ್ನು ಮುಟ್ಟಿದ ಹಾಗೆ ಬೆರಳಿಗೆ ಗರಗರ ಅನ್ನುತ್ತದೆ. ಆ ಕಡೆಯದನ್ನೂ ನೋಡಿ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಆಮೇಲೆ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ (ಸಡಿಲ) ಇದ್ದರೆ ಯಾರಿಗಾದರೂ ಬ್ರೇಕ್ ಒತ್ತೋಕೆ ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್ (ಚಕ್ರದ ಭಾಗವನ್ನು ಸಸ್ಪೆನ್ಷನ್‌ಗೆ ಸೇರಿಸುವ ಗುಂಡು ಕೀಲು) ಕಡೆ ನೋಡಿ.

ಲೇತ್ ಪಕ್ಕದ ಮನೆ:
ಅರ್ಧ ಕೆಲಸ ಮನೆಯಲ್ಲಿ, ಅರ್ಧ ಲೇತ್ ಅಂಗಡಿಯಲ್ಲಿ. ನನ್ನ ಸಲಹೆ ಇಷ್ಟೇ, ಯಾಕೆ ಅಂತ ಹೇಳುತ್ತೇನೆ.

ಇಂಥ ಕಾರುಗಳಲ್ಲಿ ಮುಂದಿನ ಬೇರಿಂಗ್ ನಕಲ್ (ಚಕ್ರವನ್ನು ಹಿಡಿದಿರುವ ದಪ್ಪ ಲೋಹದ ತುಂಡು, knuckle) ಒಳಗೆ ಬಿಗಿಯಾಗಿ ಕೂತಿರುತ್ತದೆ, ಹಬ್ (ಚಕ್ರ ಬೋಲ್ಟ್ ಆಗುವ ಭಾಗ) ಬೇರಿಂಗ್ ಒಳಗೆ ಬಿಗಿಯಾಗಿ ಕೂತಿರುತ್ತದೆ. ಎರಡನ್ನೂ ಪ್ರೆಸ್‌ನಲ್ಲೇ ಒತ್ತಬೇಕು. ನಾನು ಮೊದಲನೇ ಸಲ ಹಠ ಹಿಡಿದು ಮನೆ ಮುಂದೆ ಮರದ ತುಂಡು ಇಟ್ಟು ಸುತ್ತಿಗೆಯಲ್ಲಿ ಹೊಡೆದು ಕೂರಿಸಿದೆ. ಕೂತಿತು, ಖುಷಿಯೂ ಆಯಿತು. ಮೂರೇ ತಿಂಗಳಿಗೆ ಅದೇ ಸದ್ದು ವಾಪಸ್ ಬಂತು. ಬಿಚ್ಚಿ ನೋಡಿದರೆ ರೇಸ್ (ಬೇರಿಂಗ್‌ನ ಉಕ್ಕಿನ ಗುಂಡುಗಳು ಉರುಳುವ ಉಂಗುರ) ಮೇಲೆ ಬಾಲುಗಳ ಅಚ್ಚು ಸಾಲಾಗಿ ಮೂಡಿತ್ತು. ಪೆಟ್ಟು ಬಾಲುಗಳ ಮೂಲಕವೇ ಹೋಗಿತ್ತಲ್ಲ! ಅದಕ್ಕೇ ಈ ನಿಯಮ ಮರೆಯಬೇಡಿ: ಬೇರಿಂಗನ್ನು ನಕಲ್‌ಗೆ ಒತ್ತುವಾಗ ಹೊರಗಿನ ರೇಸ್ ಮೇಲೆ ಮಾತ್ರ ಒತ್ತಡ. ಹಬ್ ಒತ್ತುವಾಗ ಒಳಗಿನ ರೇಸ್‌ಗೆ ಕೆಳಗಿನಿಂದ ಆಸರೆ. ಲೇತ್‌ನವರಿಗೂ ಇದನ್ನು ಒಂದು ಸಲ ಹೇಳಿ, ಪಕ್ಕದಲ್ಲೇ ನಿಂತು ನೋಡಿ.

ಮನೆಯಲ್ಲಿ ಮಾಡುವುದು ಇಷ್ಟು. ಚಕ್ರ ನೆಲದ ಮೇಲೆ ಇರುವಾಗಲೇ ಆಕ್ಸಲ್ ನಟ್‌ನ ಮಡಿಚಿದ ತುಟಿ ಬಿಡಿಸಿ ಸಡಿಲ ಮಾಡಿ. ಆಮೇಲೆ ಗಾಡಿ ಎತ್ತಿ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಲೇಬೇಡಿ. ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರನ್ನು ತಂತಿಯಲ್ಲಿ ಸ್ಪ್ರಿಂಗ್‌ಗೆ ಕಟ್ಟಿ, ಬ್ರೇಕ್ ಹೋಸ್ ಮೇಲೆ ನೇತಾಡಿಸಬೇಡಿ. ಸ್ಟ್ರಟ್ (ಸ್ಪ್ರಿಂಗ್ ಕೂತಿರುವ ಶಾಕ್ ಅಬ್ಸಾರ್ಬರ್ ಕಂಬ) ಬೋಲ್ಟ್ ಬಿಚ್ಚುವ ಮುಂಚೆ ಅದು ಕೂತ ಜಾಗಕ್ಕೆ ಬಣ್ಣದ ಗೆರೆ ಹಾಕಿ, ಕ್ಯಾಂಬರ್ (ಚಕ್ರದ ಓರೆ) ಜಾಸ್ತಿ ಆಚೀಚೆ ಆಗಲ್ಲ. ನಕಲ್ ಪೂರ್ತಿ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಹೋಗಿ. ಲಾರಿ, ಟ್ರ್ಯಾಕ್ಟರ್ ಕೆಲಸ ಮಾಡುವ ಲೇತ್ ನಮ್ಮ ಊರಿನಲ್ಲೂ ಹರಿಹರದಲ್ಲೂ ಬೇಕಾದಷ್ಟಿವೆ. ಬೇರಿಂಗ್ ಹೊರಬರದಂತೆ ಹಿಡಿದಿರುವ ಸರ್ಕ್ಲಿಪ್ (ಸ್ಪ್ರಿಂಗ್ ಉಂಗುರ) ತೆಗೆದಿದ್ದೀರಾ ಅಂತ ಒತ್ತುವ ಮುಂಚೆ ನೋಡಿಕೊಳ್ಳಿ, ಇಲ್ಲದಿದ್ದರೆ ನಕಲ್ಲೇ ಬಿರಿಯುತ್ತದೆ.

ಆಕ್ಸಲ್ ನಟ್ ಹೊಸದು ತನ್ನಿ. ಬಿಗಿ ಎಷ್ಟು ಅನ್ನೋದು ಗಾಡಿಯಿಂದ ಗಾಡಿಗೆ ಬೇರೆ, ಸಣ್ಣ ಕಾರಿಗೂ 175 ನ್ಯೂಟನ್ ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬೇಕಾಗಬಹುದು. ಸರ್ವೀಸ್ ಮ್ಯಾನುಯಲ್ ನೋಡಿ, ಬಿಗಿ ಅಳೆಯುವ ಟಾರ್ಕ್ ರೆಂಚ್‌ನಲ್ಲೇ ಬಿಗಿಮಾಡಿ. ನಟ್ ಸಡಿಲ ಇರುವಾಗ ಗಾಡಿಯನ್ನು ಒಂದು ಅಡಿಯೂ ಉರುಳಿಸಬೇಡಿ, ಹೊಸ ಬೇರಿಂಗ್ ಅಲ್ಲೇ ಹಾಳಾಗಬಹುದು.

ಮೆಕ್ಕೆಜೋಳ:
ಮೇಲಿನವರು ಹೇಳಿದ್ದು ಸರಿ. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಇರುವ ಗಾಡಿಯವರು ಓದುತ್ತಿದ್ದರೆ ಒಂದು ಮಾತು. ಹಲವು ಹೊಸ ಬೇರಿಂಗ್‌ಗಳ ಒಂದು ಬದಿಯ ಸೀಲ್‌ನಲ್ಲೇ ಅಯಸ್ಕಾಂತದ ಉಂಗುರ ಇರುತ್ತದೆ. ಆ ಬದಿ ಚಕ್ರದ ವೇಗ ಅಳೆಯುವ ಸೆನ್ಸರ್ ಕಡೆಗೇ ಬರಬೇಕು. ಉಲ್ಟಾ ಹಾಕಿದರೆ ಎಬಿಎಸ್ ದೀಪ ಉರಿಯುತ್ತದೆ, ಮತ್ತೆ ಎಲ್ಲ ಬಿಚ್ಚಬೇಕು. ಸಂಶಯ ಇದ್ದರೆ ಸಣ್ಣ ಪೇಪರ್ ಕ್ಲಿಪ್ ಹಿಡಿದು ನೋಡಿ, ಅಂಟುವ ಬದಿಯೇ ಅದು.

ಬೆಣ್ಣೆನಗರಿ:
ನಿನ್ನೆ ಭಾನುವಾರ ಕೆಲಸ ಮುಗಿಯಿತು. ಬಲಗಡೆಯದೇ ಹೋಗಿತ್ತು, ಸ್ಪ್ರಿಂಗ್ ಮೇಲೆ ಕೈ ಇಟ್ಟ ಕೂಡಲೇ ಗೊತ್ತಾಯಿತು. ನಕಲ್ ಬಿಚ್ಚೋಕೆ ನನಗೆ ಮೂರು ಗಂಟೆ ಹಿಡಿಯಿತು, ಬಾಲ್ ಜಾಯಿಂಟ್ ತುಕ್ಕು ಹಿಡಿದು ಕೂತಿತ್ತು. ಲೇತ್‌ನಲ್ಲಿ ಹಬ್ ಹೊರಗೆ ಬಂತು, ಆದರೆ ಒಳಗಿನ ರೇಸ್‌ನ ಅರ್ಧ ಹಬ್‌ಗೇ ಅಂಟಿಕೊಂಡು ಬಂತು. ಅವರು ಗ್ರೈಂಡರ್‌ನಲ್ಲಿ ಹಬ್‌ಗೆ ತಾಗದ ಹಾಗೆ ಓರೆಯಾಗಿ ಸೀಳಿ, ಉಳಿಯಿಂದ ಒಂದು ಪೆಟ್ಟು ಕೊಟ್ಟರು, ಟಣ್ ಅಂತ ಬಿಟ್ಟಿತು. ಹಳೆ ಬೇರಿಂಗ್‌ನ ಗ್ರೀಸ್ ಕೆಂಪಗೆ, ಇಟ್ಟಿಗೆ ಪುಡಿ ಕಲಸಿದ ಹಾಗಿತ್ತು. ಒಂದು ಕಡೆ ಸೀಲ್ ಹರಿದಿತ್ತು. ಹೋದ ಮಳೆಗಾಲದಲ್ಲಿ ಅಂಡರ್‌ಪಾಸ್ ನೀರಿನಲ್ಲಿ ಎರಡು ಸಲ ಗಾಡಿ ಇಳಿಸಿದ್ದೆ, ನೀರು ಅಲ್ಲೇ ಹೋಗಿರಬೇಕು.

ಇವತ್ತು ಬೆಳಿಗ್ಗೆ ಭರಮಸಾಗರದ ತನಕ 80ರಲ್ಲಿ ಹೋಗಿ ಬಂದೆ. ಸದ್ದಿಲ್ಲ. ಗಾಡಿ ಸ್ವಲ್ಪ ಎಡಕ್ಕೆ ಎಳೆದ ಹಾಗಿದೆ, ಅಲೈನ್‌ಮೆಂಟ್ ಮಾಡಿಸಲೇಬೇಕಾ?

ಲೇತ್ ಪಕ್ಕದ ಮನೆ:
ಮಾಡಿಸಿ, ಈ ವಾರವೇ. ನಕಲ್ ಬಿಚ್ಚಿದ ಮೇಲೆ ಗೆರೆ ಹಾಕಿದ್ದರೂ ಅದು ಬೇಕೇ ಬೇಕು, ಇಲ್ಲದಿದ್ದರೆ ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತದೆ. ಅದಕ್ಕೂ ಮುಂಚೆ ಎರಡೂ ಟೈರ್‌ನ ಗಾಳಿ ನೋಡಿ. ವೀಲ್ ನಟ್‌ಗಳನ್ನು ಇನ್ನೊಂದು ಸಲ ಬಿಗಿಮಾಡಿ.