ಆಫೀಸಿನ ಸರ್ವರ್‌ನಲ್ಲಿ ಪ್ರಯೋಗದ ಫೀಚರ್ ಹಾಕಿದವರು ಅನುಭವ ಹೇಳಿ

ತುಮಕೂರು_ಸಿಸ್ಟಂ: ನಮ್ಮದು ಸಣ್ಣ ಲೆಕ್ಕಪತ್ರದ ಆಫೀಸು. 2016ರ ಝಿಯಾನ್ ಸರ್ವರ್ ಒಂದು, ನಾಲ್ಕು ಡಿಸ್ಕು, ಲಿನಕ್ಸ್ ಮೇಲೆ ಪೋಸ್ಟ್‌ಗ್ರೆಸ್ ಡೇಟಾಬೇಸ್. ರಿಟರ್ನ್ಸ್ ಸಮಯದಲ್ಲಿ ಒದ್ದಾಡುತ್ತದೆ. ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಂನ ರೈಡ್ 5 (ಒಂದು ಡಿಸ್ಕ್ ಕೆಟ್ಟರೂ ಉಳಿದವುಗಳಿಂದ ಡೇಟಾ ಮತ್ತೆ ಕಟ್ಟುವ ಜೋಡಣೆ) ಹಾಕು, ಸಿಪಿಯು ಮಿಟಿಗೇಶನ್ಸ್ (ಪ್ರೊಸೆಸರ್‌ನ ಭದ್ರತಾ ದೋಷಗಳಿಗೆ ಹಾಕಿದ ತಡೆಗಳು) ಆಫ್ ಮಾಡು ಎಂದು ಗೆಳೆಯರೊಬ್ಬರು ಹೇಳುತ್ತಿದ್ದಾರೆ. ಮಾಡಿ ನೋಡಿದವರು ಇದ್ದೀರಾ?

ಮಲೆನಾಡು_ಅಡ್ಮಿನ್: ರೈಡ್ 5 ಮಾತ್ರ ಬೇಡ ಸಾರ್. ಪ್ರೊಡಕ್ಷನ್‌ಗೆ ಬಳಸಬೇಡಿ ಅಂತ ಅದರ ಡಾಕ್ಯುಮೆಂಟೇಶನ್‌ನಲ್ಲೇ ಇದೆ. ನಾನು ಓದಿಯೂ ಹಾಕಿದೆ. ಮೆಟಾಡೇಟಾವನ್ನೂ (ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕ) ರೈಡ್ 5ರಲ್ಲೇ ಇಟ್ಟೆ, ಎರಡು ಡಿಸ್ಕಿನಲ್ಲಿ ನಕಲು ಇಡುವ ರೈಡ್ 1ರಲ್ಲಿ ಇಟ್ಟಿದ್ದರೆ ಅರ್ಧ ಜೀವವಾದರೂ ಉಳಿಯುತ್ತಿತ್ತು. ಜುಲೈ ಮಳೆ. ಒಂದೇ ಸಂಜೆ ಮೂರು ಸಲ ಕರೆಂಟು ಹೋಯಿತು, ಯುಪಿಎಸ್ ಬ್ಯಾಟರಿ ಸತ್ತಿತ್ತು. ಡೇಟಾ ಬರೆದಾಗಿದೆ, ಪ್ಯಾರಿಟಿ (ಕೆಟ್ಟ ಡಿಸ್ಕಿನ ಡೇಟಾ ಮತ್ತೆ ಕಟ್ಟಲು ಇಡುವ ಲೆಕ್ಕ) ಬರೆಯುವಷ್ಟರಲ್ಲಿ ಮಷಿನ್ ಆಫ್. ಅವತ್ತು ಏನೂ ಗೊತ್ತಾಗಲಿಲ್ಲ. ಹನ್ನೊಂದು ದಿನ ಬಿಟ್ಟು ಮೂರನೇ ಡಿಸ್ಕ್ ಕೆಟ್ಟಿತು, ಆಗ ಶುರುವಾಯಿತು. ತಪ್ಪು ಪ್ಯಾರಿಟಿಯಿಂದ ಮತ್ತೆ ಕಟ್ಟಿದ ಡೇಟಾ ಎಲ್ಲ ಕಸ. ಸ್ಕ್ರೀನ್ ತುಂಬ 'ಸಿಸಮ್ ಫೇಲ್ಡ್' (ಡೇಟಾ ತಾಳೆಯಾಗುತ್ತಿಲ್ಲ) ಸಾಲುಗಳು ಓಡುತ್ತಲೇ ಇದ್ದವು, ಎದುರಿಗೆ ಕೂತು ನೋಡುತ್ತಿದ್ದೆ. ಹೊಸ ಡಿಸ್ಕ್ ಎರಡಕ್ಕೆ 38,400 ರೂಪಾಯಿ. ಸಿಕ್ಕಿದ್ದನ್ನು ಹೊರಗೆ ತೆಗೆಯಲು ನಾಲ್ಕು ರಾತ್ರಿ. ಮೂರು ತಿಂಗಳ ಸ್ಕ್ಯಾನ್ ಬಿಲ್ಲುಗಳು ಇವತ್ತಿಗೂ ಇಲ್ಲ.

ಹುಬ್ಬಳ್ಳಿ_ರೂಟ್: ಮಿಟಿಗೇಶನ್ಸ್ ವಿಷಯ ನಾನು ಹೇಳುತ್ತೇನೆ. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷದ ಪ್ಯಾಚ್ ಹಾಕಿದ ರಾತ್ರಿಯೇ ನಮ್ಮ ಬ್ಯಾಚ್ ಕೆಲಸ 3 ಗಂಟೆ 20 ನಿಮಿಷದಿಂದ 4 ಗಂಟೆ 5 ನಿಮಿಷಕ್ಕೆ ಏರಿತು. ಪ್ರತಿ ಸಿಸ್ಟಂ ಕಾಲ್‌ಗೂ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆ) ಪೇಜ್ ಟೇಬಲ್ (ಮೆಮೊರಿಯ ನಕ್ಷೆ) ಬದಲಾಗಬೇಕಲ್ವಾ, ನಮ್ಮ ಡೇಟಾಬೇಸ್ ಮಾಡುತ್ತಿದ್ದದ್ದೇ ಸಿಸ್ಟಂ ಕಾಲ್. 2019ರಲ್ಲಿ ಎಲ್ಲವನ್ನೂ ಒಟ್ಟಿಗೆ ಆಫ್ ಮಾಡುವ ಬೂಟ್ ಆಪ್ಷನ್ ಬಂತು, ಬಂದ ಕೂಡಲೇ ಹಾಕಿದೆ. ಈವರೆಗೆ ಒಂದೂ ತೊಂದರೆ ಇಲ್ಲ. ಓಡುವುದು ನಮ್ಮದೇ ಕೋಡು, ಹೊರಗಿನವರಿಗೆ ಲಾಗಿನ್ ಇಲ್ಲ. ಸುಮ್ನೆ ಹೆದರಬೇಡಿ.

ಕೆಂಗೇರಿ_ಕರ್ನಲ್: ನಮ್ಮಲ್ಲೂ ಇದೇ ಮಾತು ಹೇಳಿದ್ದರು. ನನ್ನ ಹಿಂದಿನ ಅಡ್ಮಿನ್ ಆಫ್ ಮಾಡಿ, ಎಲ್ಲೂ ಬರೆದಿಡದೆ ಕೆಲಸ ಬಿಟ್ಟರು. ಎರಡು ವರ್ಷ ಕಳೆದು ಅದೇ ಮಷಿನ್ ಮೇಲೆ ಗಿರಾಕಿಗಳ ವಿಎಂ (ಅವರ ಕೋಡು ಓಡುವ ವರ್ಚುವಲ್ ಮಷಿನ್) ಏರಿಸಿದೆವು. ಆಡಿಟರ್ ಬಂದರು. ಲಿನಕ್ಸ್‌ನ ಸಿಸ್ ಕೆಳಗಿರುವ, ಯಾವ ಪ್ರೊಸೆಸರ್ ದೋಷಕ್ಕೆ ತಡೆ ಇದೆ ಎಂದು ತೋರಿಸುವ ವಲ್ನರಬಿಲಿಟೀಸ್ ಫೋಲ್ಡರಿನ ಫೈಲುಗಳನ್ನು ಒಂದೊಂದಾಗಿ ತೆರೆದರು. ಮೆಲ್ಟ್‌ಡೌನ್, ಸ್ಪೆಕ್ಟರ್, ಎಂಡಿಎಸ್, ಎಲ್ಲ ಕಡೆ ಮೊದಲ ಪದ 'ವಲ್ನರಬಲ್', ಅಂದರೆ ದಾಳಿಗೆ ತೆರೆದಿದೆ. ಗಿರಾಕಿಯೊಬ್ಬರು ಎರಡು ತಿಂಗಳು ಹಣ ತಡೆಹಿಡಿದರು. 6 ಲಕ್ಷ 10 ಸಾವಿರ. ಎಂಡಿ ಮುಂದೆ ನಿಂತು ಉತ್ತರ ಕೊಟ್ಟವನು ನಾನು.

ಹುಬ್ಬಳ್ಳಿ_ರೂಟ್: ಅದು ಬರೆದಿಡದವರ ತಪ್ಪು. ನನ್ನ ಸೆಟಪ್‌ಗೆ ಯಾಕೆ ಹೆಸರಿಡುತ್ತೀರಿ?

ಕೆಂಗೇರಿ_ಕರ್ನಲ್: ನೀವು ರಜೆ ಹೋದಾಗ ಆ ಮಷಿನ್ ಮೇಲೆ ಯಾರು ಏನು ಏರಿಸುತ್ತಾರೆ ಅಂತ ಗೊತ್ತಾ ನಿಮಗೆ?

ಮೈಸೂರು_ಡಿಬಿಎ: ಇಬ್ಬರೂ ಜಗಳ ಬಿಡಿ. ಸ್ಪೀಡ್ ಬೇಕೆಂದು ನಾನು ಪೋಸ್ಟ್‌ಗ್ರೆಸ್ 18ಕ್ಕೆ ಹೋಗಿ ಐಒ-ಯುರಿಂಗ್ (ಡಿಸ್ಕ್ ಓದುವ ಕೆಲಸ ವೇಗ ಮಾಡುವ ಲಿನಕ್ಸ್ ಸೌಲಭ್ಯ) ಆನ್ ಮಾಡಿದೆ. ಡಾಕರ್ ಕಂಟೇನರ್ (ಪ್ರೋಗ್ರಾಂ ಪ್ರತ್ಯೇಕವಾಗಿ ಓಡಿಸುವ ಆವರಣ) ಒಳಗೆ ಸರ್ವಿಸ್ ಏಳಲೇ ಇಲ್ಲ, 'ಆಪರೇಶನ್ ನಾಟ್ ಪರ್ಮಿಟೆಡ್'. ಡಾಕರಿನ ಸೆಕಾಂಪ್ ಪ್ರೊಫೈಲ್ (ಯಾವ ಸಿಸ್ಟಂ ಕಾಲ್ ಬಿಡಬೇಕೆಂಬ ಪಟ್ಟಿ) ಐಒ-ಯುರಿಂಗನ್ನು ತಡೆಯುತ್ತದೆ ಎಂದು ತಿಳಿಯುವಷ್ಟರಲ್ಲಿ ಬೆಳಗಿನ ಜಾವ 4 ಗಂಟೆ. ಗೂಗಲ್‌ನವರೇ ತಮ್ಮ ಸರ್ವರ್‌ಗಳಲ್ಲಿ ಅದನ್ನು ಆಫ್ ಮಾಡಿರುವುದಾಗಿ 2023ರಲ್ಲಿ ಹೇಳಿದ್ದರು. ಲಿನಕ್ಸ್ ಕರ್ನಲ್‌ನ ದೋಷ ತೋರಿಸಿದವರಿಗೆ ಕೊಡುವ ಅವರ ಬಹುಮಾನ ಯೋಜನೆಗೆ ಬಂದ ದಾಳಿಗಳಲ್ಲಿ 60% ಅದರ ಮೂಲಕವೇ ಆಗಿದ್ದವು. ವಾಪಸ್ ಪೋಸ್ಟ್‌ಗ್ರೆಸ್‌ನ ಮಾಮೂಲಿ 'ವರ್ಕರ್' ಮೋಡ್‌ಗೇ ಬಂದೆ, ಅದೇ ಚೆನ್ನಾಗಿ ಓಡುತ್ತಿದೆ. ಅಂದಹಾಗೆ ಮಲೆನಾಡಿನವರೇ, ರೈಡ್ ಇದ್ದರೆ ಬ್ಯಾಕಪ್ ಬೇಡ ಅಂದುಕೊಂಡಿದ್ರಾ? ಡಿಸ್ಕ್ ಹೋದರೆ ಫೈಲ್‌ಸಿಸ್ಟಂ ಬೈದು ಏನು ಬಂತು?

ಮಲೆನಾಡು_ಅಡ್ಮಿನ್: ಗೊತ್ತಿಲ್ಲದೆ ಮಾತಾಡಬೇಡಿ. ಬ್ಯಾಕಪ್ ಇತ್ತು. ಪ್ರತಿ ರಾತ್ರಿ 2 ಗಂಟೆಗೆ ಕ್ರಾನ್ (ನಿಗದಿತ ಸಮಯಕ್ಕೆ ತಾನೇ ಓಡುವ ಕೆಲಸ) ಓಡುತ್ತಿತ್ತು. ಏಪ್ರಿಲ್ 9ಕ್ಕೆ ಬ್ಯಾಕಪ್ ಡಿಸ್ಕ್ ತುಂಬಿದೆ. ಅವತ್ತಿನಿಂದ ದಿನಾ ಎರರ್ ಮೇಲ್ ಹೋಗುತ್ತಿತ್ತು, ಕೆಲಸ ಬಿಟ್ಟು ಹೋದ ಹುಡುಗನ ಐಡಿಗೆ. ಜುಲೈನಲ್ಲಿ ತೆರೆದು ನೋಡಿದಾಗ ಓದದ ಮೇಲ್ 104 ಇದ್ದವು.