ಅಪ್‌ಡೇಟ್: ಬೀರು ಹಿಂದಿನ ಕಪ್ಪು ಬೂಷ್ಟು

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಬೀರು ಹಿಂದಿನ ಗೋಡೆಗೆ ಕಪ್ಪು ಬೂಷ್ಟು ಹಿಡಿಯುತ್ತಿದೆ, ಅಮ್ಮನ ಕೆಮ್ಮು ನಿಲ್ಲುತ್ತಿಲ್ಲ ಅಂತ ಕೇಳಿದ್ದೆ. ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ ಅಂದಿರಿ. ಅದೇ ಸರಿಯಾಯಿತು. ಮಾಡಿನ ಹೆಂಚು ಸೀಳಿ, ನೀರು ಗೋಡೆಯೊಳಗೇ ಇಳಿಯುತ್ತಿತ್ತು. ಹೆಂಚು ಬದಲಾಯಿಸಿ, ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದೆ ತಂದೆವು.

ಬೂಷ್ಟನ್ನು ಒಣ ಪೊರಕೆಯಲ್ಲಿ ಗುಡಿಸಲಿಲ್ಲ. ಅದರ ಕಣ ಮನೆಯೆಲ್ಲ ಹಾರುತ್ತದಲ್ವಾ? ಮಾಸ್ಕ್ ಹಾಕಿಕೊಂಡು ಸೋಪಿನ ನೀರಿನ ಬಟ್ಟೆಯಲ್ಲಿ ಒರೆಸಿದೆ. ಗೋಡೆ ಪೂರ್ತಿ ಒಣಗುವವರೆಗೆ ಪೇಂಟ್ ಮುಟ್ಟಲಿಲ್ಲ. ಬೂಷ್ಟು ಒಳಗೂ ಇಳಿದಿದ್ದ ಹಳೇ ಹತ್ತಿ ಹಾಸಿಗೆಯನ್ನು ಎಸೆದೆವು.

ತೇವಾಂಶ ಅಳೆಯುವ ಸಣ್ಣ ಮೀಟರ್ ತಂದೆ. ಕೋಣೆಯೊಳಗೆ ಒದ್ದೆ ಬಟ್ಟೆ ಹರವಿದಾಗ ಶೇ. 88 ತೋರಿಸಿತು! 60ರ ಕೆಳಗಿರಬೇಕು. ಆದರೆ ಆಷಾಢದಲ್ಲಿ ಸುಮ್ನೆ ಕಿಟಕಿ ತೆಗೆದರೆ ಇಳಿಯುವುದಿಲ್ಲ, ಹೊರಗಿನ ಗಾಳಿಯೇ ಒದ್ದೆ. ಹಾಗಾಗಿ ರಾತ್ರಿ ಬಾಗಿಲು ಮುಚ್ಚಿ ಗಾಳಿಯ ತೇವ ಎಳೆಯುವ ಯಂತ್ರ (ಡಿಹ್ಯುಮಿಡಿಫೈಯರ್) ಹಾಕುತ್ತೇವೆ. ಬೆಳಗ್ಗೆ ಅದರ ಡಬ್ಬಿಯಲ್ಲಿ ತುಂಬಿದ ನೀರು ನೋಡಿ ಅಮ್ಮ ಬೆಚ್ಚಿಬಿದ್ದಳು. ಬಟ್ಟೆಗಳು ಈಗ ಬಚ್ಚಲು ಒಲೆಯ ಮೇಲಿನ ತಂತಿಗೆ ಹೋಗಿವೆ.

ಕೆಮ್ಮು ಜಾಸ್ತಿ ಇಲ್ಲ. ಔಷಧಿ ಮಾತ್ರ ಬಿಡಬೇಡಿ ಎಂದಿದ್ದಾರೆ ಡಾಕ್ಟರು. ಉತ್ತರ ಬರೆದ ಎಲ್ಲರಿಗೂ ತುಂಬಾ ಧನ್ಯವಾದ.