ಮನೆಯಲ್ಲಿ ಸರಿ ಇದ್ದ ಚದುರಂಗದ ಚಿತ್ರ ಪ್ರೆಸ್ಸಿಗೆ ಹೋದ ಮೇಲೆ ಕನ್ನಡ ಅಕ್ಷರ ಆಗಿದೆ. ಏನು ಮಾಡಲಿ?

ನಿಗಡಿ ಕಾಲಾಳು:

ಎಲ್ಲರಿಗೂ ನಮಸ್ಕಾರ. ಪುಣೆಯ ನಿಗಡಿಯಲ್ಲಿ ಭಾನುವಾರ ಕನ್ನಡದ ಮಕ್ಕಳಿಗೆ ಚದುರಂಗ ಹೇಳಿಕೊಡುತ್ತೇನೆ. ಶಾಲೆಯಲ್ಲಿ ಅವರ ಕಿವಿಗೆ ಬೀಳುವುದು ಮರಾಠಿಯ ಬುದ್ಧಿಬಳ, ವಜೀರ್, ಹತ್ತಿ, ಉಂಟ್. ಮಂತ್ರಿ, ಆನೆ, ಒಂಟೆ ಅನ್ನುವ ಮಾತೂ ಬಾಯಿಗೆ ಬರಲಿ ಅಂತ 40 ಸಮಸ್ಯೆಗಳ ಚಿಕ್ಕ ಪುಸ್ತಕ ಮಾಡುತ್ತಿದ್ದೇನೆ. ವರ್ಡ್‌ನಲ್ಲಿ ಬರೆದೆ. ಚಿತ್ರಗಳಿಗೆ ಚೆಸ್ ಮೆರಿಡಾ ಫಾಂಟ್ ಹಾಕಿದೆ, ಅದರಲ್ಲಿ ಅಕ್ಷರ ಒತ್ತಿದರೆ ಕಾಯಿ ಬರುತ್ತದೆ.

ಅಪ್ಪಾ ಬಳವಂತ ಚೌಕದ ಹತ್ತಿರ ಒಂದು ಪ್ರೆಸ್ಸಿಗೆ ಫೈಲ್ ಕೊಟ್ಟೆ. ಪ್ರೂಫ್ ಬಂತು. ಪಾಠ ಚೆನ್ನಾಗಿದೆ, ಆದರೆ ಚಿತ್ರ ಇರಬೇಕಾದ ಕಡೆ ಎಂಟು ಸಾಲು ಅರ್ಥವಿಲ್ಲದ ಅಕ್ಷರ. ಇನ್ನೊಂದು ತೊಂದರೆ ನನ್ನ ಮನೆಯ ಕಂಪ್ಯೂಟರಿನಲ್ಲೇ ಇದೆ. ಮಣೆಯ ಸಾಲುಗಳ ನಡುವೆ ಬಿಳಿ ಪಟ್ಟಿ ಬರುತ್ತದೆ. ಮುಂದಿನ ಭಾನುವಾರ ಮಕ್ಕಳ ಕೈಗೆ ಪುಸ್ತಕ ಕೊಡುತ್ತೇನೆ ಅಂದುಬಿಟ್ಟಿದ್ದೇನೆ.

ಡಿಟಿಪಿ ಅಕ್ಕ:

ಒಂದು ಮಾತು ಹೇಳಿ ಸರ್. ಪ್ರೂಫ್‌ನಲ್ಲಿ ಬಂದಿರುವುದು ಇಂಗ್ಲಿಷ್ ಅಕ್ಷರವಾ, ಕನ್ನಡ ಅಕ್ಷರವಾ? ಇಂಗ್ಲಿಷ್ ಆಗಿದ್ದರೆ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಚೆಸ್ ಫಾಂಟ್ ಇಲ್ಲ ಅಂತ ಅರ್ಥ. ಕನ್ನಡ ಆಗಿದ್ದರೆ ಕಾರಣವೇ ಬೇರೆ.

ನಿಗಡಿ ಕಾಲಾಳು:

ಕನ್ನಡ ಮೇಡಂ. ಅರ್ಧಂಬರ್ಧ ಒತ್ತಕ್ಷರಗಳೂ ಇವೆ.

ಡಿಟಿಪಿ ಅಕ್ಕ:

ಹಾಗಾದರೆ ಗೊತ್ತಾಯಿತು. ಪ್ರೆಸ್ಸಿನಲ್ಲಿ ಪುಟ ಜೋಡಿಸುವ ಹಳೆಯ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ, ಅಂದರೆ ಈಗ ಎಲ್ಲ ಕಡೆ ಬಳಸುವ ಕನ್ನಡ ಅಕ್ಷರ ಸಂಕೇತ, ಬರುವುದಿಲ್ಲ. ಅದಕ್ಕೆ ಆಪರೇಟರು ನಿಮ್ಮ ಪಾಠವನ್ನು 'ನುಡಿ' ಅನ್ನುವಂಥ ಹಳೆಯ ಕನ್ನಡ ಫಾಂಟಿಗೆ ಬದಲಾಯಿಸಿದ್ದಾರೆ. ಅಂಥ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳು ಕೂತಿರುತ್ತವೆ. ಚೆಸ್ ಮೆರಿಡಾದಲ್ಲೂ ಅದೇ ಉಪಾಯ, ಕನ್ನಡದ ಬದಲು ಕಾಯಿಗಳು ಕೂತಿವೆ ಅಷ್ಟೆ. ಅವರು ಎಲ್ಲವನ್ನೂ ಒಟ್ಟಿಗೆ ಆರಿಸಿ ಫಾಂಟ್ ಬದಲಿಸಿದಾಗ ನಿಮ್ಮ ಕುದುರೆಗಳೂ ಕನ್ನಡವಾದವು. ಅವರಿಗೆ ಕನ್ನಡ ಓದಲು ಬರದಿದ್ದರೆ ತಪ್ಪು ಕಣ್ಣಿಗೆ ಬೀಳುವುದೂ ಇಲ್ಲ. ನಾನು ಮರಾಠಿ ಪ್ರೆಸ್ಸುಗಳಲ್ಲಿ ಕನ್ನಡ ಪುಸ್ತಕ ಮಾಡಿಸಿದ್ದೇನೆ, ಇದು ಹೊಸದೇನಲ್ಲ.

ಆದ್ದರಿಂದ ಚಿತ್ರವನ್ನು ಅಕ್ಷರವಾಗಿ ಕೊಡಲೇಬೇಡಿ. ಕೋರೆಲ್‌ಡ್ರಾ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಚಿತ್ರ ಜೋಡಿಸಿ, ಕಂಟ್ರೋಲ್ ಮತ್ತು ಕ್ಯೂ ಒತ್ತಿ. ಅಕ್ಷರ ಗೆರೆಯಾಗುತ್ತದೆ. ಆಮೇಲೆ ಯಾರು ಯಾವ ಫಾಂಟ್ ಬದಲಿಸಿದರೂ ಅದು ಅಲುಗಾಡುವುದಿಲ್ಲ. ಕೋರೆಲ್ ಇಲ್ಲದಿದ್ದರೆ ಇಂಕ್‌ಸ್ಕೇಪ್ ಸಾಕು, ದುಡ್ಡು ಕೊಡಬೇಕಿಲ್ಲ. ಅದರಲ್ಲಿ 'ಆಬ್ಜೆಕ್ಟ್ ಟು ಪಾತ್' ಅಂತ ಇದೆ.

ಬಿಳಿ ಪಟ್ಟಿಗೆ ಕಾರಣ ಸಾಲಿನ ಅಂತರ. ಫಾಂಟ್ 24 ಪಾಯಿಂಟ್ ಇದ್ದರೆ ಅಂತರವನ್ನು 'ಎಕ್ಸಾಕ್ಟ್ಲಿ' 24 ಪಾಯಿಂಟ್ ಇಡಿ. 'ಸಿಂಗಲ್' ಅಂತ ಬಿಟ್ಟರೆ ವರ್ಡ್ ಮೇಲೆ ಕೆಳಗೆ ಒಂದಿಷ್ಟು ಜಾಗ ಸೇರಿಸುತ್ತದೆ. ಪ್ಯಾರಾ ಮುಂದೆ ಹಿಂದೆ ಇರುವ ಜಾಗವನ್ನೂ 0 ಮಾಡಿ.

ಮುಲುಂಡ್ ಒಂಟೆ:

ಸ್ಕ್ರೀನ್‌ಶಾಟ್ ಹಾಕಿದರೆ ಇಷ್ಟೆಲ್ಲ ಬೇಡ ಅಲ್ವಾ? ಅಥವಾ ಯೂನಿಕೋಡ್‌ನಲ್ಲೇ ಚದುರಂಗದ ಕಾಯಿಗಳಿವೆ, ಅವು ಆಗುವುದಿಲ್ಲವಾ?

ಡಿಟಿಪಿ ಅಕ್ಕ:

ಸ್ಕ್ರೀನ್‌ಶಾಟ್ ಬೇಡ ಅಣ್ಣ. 5 ಸೆಂಟಿಮೀಟರಿನ ಚಿತ್ರಕ್ಕೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಅಂದರೂ ಸುಮಾರು 590 ಪಿಕ್ಸೆಲ್ ಬೇಕು. ಅಷ್ಟಿದ್ದರೂ ಬಣ್ಣದ ಮನೆಗಳು ಒಂದೇ ಬಣ್ಣದ ಮುದ್ರಣದಲ್ಲಿ ಬೂದು ಚುಕ್ಕೆಗಳಾಗಿ, ಕಪ್ಪು ಕಾಯಿ ಅದರಲ್ಲಿ ಮುಳುಗಿಹೋಗುತ್ತದೆ. ಮೆರಿಡಾದಲ್ಲಿ ಕಪ್ಪು ಮನೆ ಅಂದರೆ ಓರೆ ಗೆರೆಗಳು. ಜೆರಾಕ್ಸ್ ಮಾಡಿದರೂ ಕಾಯಿ ಎದ್ದು ಕಾಣುತ್ತದೆ. ಮಕ್ಕಳ ಪುಸ್ತಕಕ್ಕೆ ನನಗೆ ಅದೇ ಇಷ್ಟ.

ಯೂನಿಕೋಡ್‌ನಲ್ಲಿ 12 ಕಾಯಿಗಳಿವೆ ನಿಜ, ಆದರೆ ಕಾಯಿಯ ಹಿಂದೆ ಮನೆ ಇಲ್ಲ. ಪಾಠದ ನಡುವೆ ಒಂದು ಕುದುರೆ ತೋರಿಸಲು ಸಾಕು, ಮಣೆಗೆ ಸಾಲದು. 2018ರಲ್ಲಿ ಕಪ್ಪು ಕಾಲಾಳನ್ನು ಮಾತ್ರ ಎಮೋಜಿ ಪಟ್ಟಿಗೆ ಸೇರಿಸಿದರು. ಹಾಗಾಗಿ ಎಷ್ಟೋ ಮೊಬೈಲುಗಳಲ್ಲಿ ಅದೊಂದೇ ಬೇರೆ ಥರ ಕಾಣುತ್ತದೆ.

ನಿಗಡಿ ಕಾಲಾಳು:

ಬಿಳಿ ಪಟ್ಟಿ ಹೋಯಿತು ಮೇಡಂ! ಇಂಕ್‌ಸ್ಕೇಪ್ ಕೂಡ ಹಾಕಿಕೊಂಡೆ. ಆದರೆ ಒಂದು ಚಿತ್ರ ಕಾಡುತ್ತಿದೆ. ರಿಚರ್ಡ್ ರೆಟಿ ಅನ್ನುವ ಆಟಗಾರ 1921ರಲ್ಲಿ ಮಾಡಿದ ಪ್ರಸಿದ್ಧ ಸಮಸ್ಯೆ. ಮನೆಗಳ ಹೆಸರು ಎಡದಿಂದ ಎ ಇಂದ ಎಚ್, ಕೆಳಗಿನಿಂದ 1ರಿಂದ 8. ಬಿಳಿ ರಾಜ ಎಚ್8, ಬಿಳಿ ಕಾಲಾಳು ಸಿ6, ಕಪ್ಪು ರಾಜ ಎ6, ಕಪ್ಪು ಕಾಲಾಳು ಎಚ್5. ಬಿಳಿಯ ನಡೆ, ಡ್ರಾ. ಇದರಲ್ಲಿ ಕಪ್ಪು ರಾಜ ನಿಂತ ಎ6 ಬಿಳಿ ಮನೆ, ನನಗೆ ಕಪ್ಪು ಮನೆಯಾಗಿ ಬರುತ್ತದೆ. ತಿದ್ದಿದರೂ ಮತ್ತೆ ಹಾಗೇ ಆಗುತ್ತದೆ.

ಡಿಟಿಪಿ ಅಕ್ಕ:

ಅದು ವರ್ಡ್‌ನ ಆಟೋಕರೆಕ್ಟ್, ತಾನಾಗಿ ತಿದ್ದುವ ಸೌಲಭ್ಯ. ಮೆರಿಡಾದಲ್ಲಿ ಬಿಳಿ ಮನೆಯ ಮೇಲಿನ ಕಪ್ಪು ರಾಜನಿಗೆ ಸಣ್ಣ ಎಲ್, ಕಪ್ಪು ಮನೆಯ ಮೇಲೆ ದೊಡ್ಡ ಎಲ್. ನಿಮ್ಮ ರಾಜ ಸಾಲಿನ ಮೊದಲ ಅಕ್ಷರ. ವಾಕ್ಯದ ಮೊದಲ ಅಕ್ಷರ ಅಂತ ವರ್ಡ್ ಅದನ್ನು ದೊಡ್ಡದು ಮಾಡುತ್ತಿದೆ. ಆಟೋಕರೆಕ್ಟ್‌ನಲ್ಲಿ ಆ ಟಿಕ್ ತೆಗೆಯಿರಿ. ಉಳಿದ 39 ಚಿತ್ರಗಳಲ್ಲೂ ಎಡಗಡೆಯ ಮೊದಲ ಮನೆ ನೋಡಿ. ಅಲ್ಲಿ ಕಾಯಿ ಇದ್ದರೆ ಇದೇ ತಪ್ಪು ಇರಬಹುದು.

ಮುಲುಂಡ್ ಒಂಟೆ:

ಇನ್ನೊಂದು ಗೊಂದಲ ಸೇರಿಸಲಾ? ಮಣೆಯ ಸ್ಥಿತಿಯನ್ನು ಒಂದೇ ಸಾಲಿನಲ್ಲಿ ಬರೆಯುವ ಎಫ್ಇಎನ್ ಬರಹದಲ್ಲಿ ದೊಡ್ಡ ಅಕ್ಷರ ಅಂದರೆ ಬಿಳಿ ಕಾಯಿ. ಈ ಫಾಂಟಿನಲ್ಲಿ ದೊಡ್ಡ ಅಕ್ಷರ ಅಂದರೆ ಕಪ್ಪು ಮನೆ. ಅದಕ್ಕೇ ಎಫ್ಇಎನ್ ಸಾಲನ್ನು ಹಾಗೇ ಅಂಟಿಸಿದರೆ ಚಿತ್ರ ಬರುವುದಿಲ್ಲ. ಒಂದು ಸಂಜೆಯೆಲ್ಲ ನಾನು ಇದರಲ್ಲೇ ಕಳೆದಿದ್ದೇನೆ. ಲಿಚೆಸ್ ಅನ್ನುವ ಚದುರಂಗದ ವೆಬ್‌ಸೈಟಿನ ಬೋರ್ಡ್ ಎಡಿಟರಿನಲ್ಲಿ ಎಫ್ಇಎನ್ ಹಾಕಿ, ಮಣೆ ನೋಡಿಕೊಂಡು ನಿಮ್ಮ ಚಿತ್ರದ ಜೊತೆ ತಾಳೆ ಹಾಕಿ. ಪೈಥಾನ್ ಪ್ರೋಗ್ರಾಮಿಂಗ್ ಗೊತ್ತಿದ್ದರೆ ಅದರ ಪೈಥಾನ್-ಚೆಸ್ ಲೈಬ್ರರಿ ಇನ್ನೂ ಸುಲಭ. ಎಫ್ಇಎನ್ ಕೊಟ್ಟರೆ ಗೆರೆಗಳಿಂದಾದ ಎಸ್‌ವಿಜಿ ಚಿತ್ರ ಕೊಡುತ್ತದೆ, ಫಾಂಟಿನ ಗೊಡವೆಯೇ ಇಲ್ಲ.

ನಿಗಡಿ ಕಾಲಾಳು:

ಟಿಕ್ ತೆಗೆದೆ, ರಾಜ ಬಿಳಿ ಮನೆಗೆ ಬಂದ. ಹುಡುಕಿದಾಗ ಇನ್ನೂ ಮೂರು ಚಿತ್ರಗಳಲ್ಲಿ ಅದೇ ತಪ್ಪು ಸಿಕ್ಕಿತು. ಈಗ 40 ಚಿತ್ರಗಳನ್ನೂ ಗೆರೆ ಮಾಡಿ, ಪಾಠದ ಜೊತೆ ಸೇರಿಸಿ ಪಿಡಿಎಫ್ ಮಾಡಿದ್ದೇನೆ. ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಿ ಅದನ್ನೇ ಹಾಗೇ ಛಾಪಿಸಿ ಅನ್ನುತ್ತೇನೆ. ಆಪರೇಟರ ಪಕ್ಕದಲ್ಲೇ ಕೂತು ಮೊದಲ ಪ್ರತಿ ನೋಡಿಕೊಂಡು ಬರುತ್ತೇನೆ.